ತೇರಿಗೆ ಬಣ್ಣ ಸಾಲದು, ಅಚ್ಚು ಗಟ್ಟಿಯಿರಬೇಕು

ಶಿವರಾತ್ರಿ ಸಮೀಪಿಸಿತೆಂದರೆ ನಮ್ಮ ಸೀಮೆಗೆ ತೇರುಗಳ ಕಾಲ ಬಂತೆಂದೇ ಅರ್ಥ. ಮುಳಬಾಗಿಲು ತಾಲ್ಲೂಕಿನ ಆವನಿಯಲ್ಲಿ ರಾಮಲಿಂಗೇಶ್ವರನ ತೇರು, ಅದರೊಂದಿಗೆ ದನಗಳ ಜಾತ್ರೆ. ಮಾಲೂರು ತಾಲ್ಲೂಕಿನ ಚಿಕ್ಕತಿರುಪತಿಯಲ್ಲಿ ವೆಂಕಟೇಶ್ವರನ ಬ್ರಹ್ಮರಥ. ಕೋಲಾರ, ಶ್ರೀನಿವಾಸಪುರ ತಾಲ್ಲೂಕುಗಳ ಹಳ್ಳಿಗಾಡಿನಲ್ಲಿ ಸಣ್ಣದೋ ದೊಡ್ಡದೋ ಇನ್ನೆಷ್ಟೋ ತೇರುಗಳು. ವರ್ಷವೆಲ್ಲ ತಗಡಿನ ಮರೆಯಲ್ಲಿ ನಿಂತಿದ್ದ ತೇರನ್ನು ಜಾತ್ರೆಗೆ ಎಂಟು ದಿನವಿರುವಾಗ ಬಿಚ್ಚುತ್ತಾರೆ. ಧೂಳು ಹೊಡೆಯುತ್ತಾರೆ, ಬಣ್ಣ ಬಳಿಯುತ್ತಾರೆ, ಬಾವುಟ ಕಟ್ಟುತ್ತಾರೆ, ಕಳಸ ಬೆಳಗುತ್ತಾರೆ. ಎಲ್ಲವೂ ಸರಿಯೇ. ಆದರೆ ಆ ತೇರಿನ ಅಡಿಗೆ ನುಸುಳಿ ಅಚ್ಚನ್ನು ತಟ್ಟಿ ನೋಡಿದವರು ಯಾರು? ನೋಡಿದವನಿಗೆ ಕೂಲಿ ಕೊಟ್ಟವರು ಯಾರು? ಅವನು "ಇದು ಓಡಕೂಡದು" ಎಂದರೆ ಕೇಳುವವರು ಯಾರು? ಇದೇ ನಮ್ಮ ಪ್ರಶ್ನೆ.

ಇದು ಭಕ್ತಿಯ ವಿಚಾರವಲ್ಲ. ದೇವರನ್ನು ನಂಬುವವನಾಗಲಿ, ನಂಬದವನಾಗಲಿ, ತೇರಿನ ಗಾಲಿಯ ಕೆಳಗೆ ಸಿಕ್ಕಿದರೆ ಇಬ್ಬರಿಗೂ ಒಂದೇ ಗತಿ.

ಮರ ಸತ್ತ ವಸ್ತುವೆಂದು ತಿಳಿಯುವುದು ತಪ್ಪು. ಮಳೆಗಾಲದಲ್ಲಿ ಅದು ನೀರು ಹೀರಿ ಉಬ್ಬುತ್ತದೆ, ಬೇಸಗೆಯಲ್ಲಿ ಒಣಗಿ ಕುಗ್ಗುತ್ತದೆ. ನಮ್ಮ ಬಯಲುಸೀಮೆಯ ಬಿಸಿಲಿಗೆ ಬಿಗಿಯಾಗಿದ್ದ ಬೆಣೆ ಸಡಿಲವಾಗುತ್ತದೆ, ಕೀಲು ಅಲ್ಲಾಡುತ್ತದೆ. ಬೋಲ್ಟು ತುಕ್ಕು ಹಿಡಿದರೆ ಅದರ ಸುತ್ತಲಿನ ಮರವೂ ಕೆಡುತ್ತದೆ. ತಿಂಗಳುಗಟ್ಟಲೆ ನೆಲದಲ್ಲಿ ಊರಿ ನಿಂತ ಗಾಲಿಗೆ ತೇವ ಹತ್ತಿ, ತೇವದ ಹಿಂದೆ ಗೆದ್ದಲು ಬರುತ್ತದೆ. ಗೆದ್ದಲು ಒಳಗಿನಿಂದ ತಿನ್ನುತ್ತದೆ. ಮೇಲಿನ ಪದರ ಮಾತ್ರ ಅಂದವಾಗಿ ಉಳಿದಿರುತ್ತದೆ. ಅದರ ಮೇಲೆ ಬಣ್ಣ ಬಳಿದುಬಿಟ್ಟರೆ ಸೀಳೂ ಕಾಣದು, ಟೊಳ್ಳೂ ಕಾಣದು. ಬಣ್ಣ ಮಾಡುವ ಉಪಕಾರಕ್ಕಿಂತ ಅಪಕಾರವೇ ಹೆಚ್ಚು ಎನ್ನುವಂತಾಗಿದೆ. ಕೊಡತಿಯಿಂದ ತಟ್ಟಿದಾಗ ಬರುವ ಸದ್ದಿನಿಂದಲೇ ಮರದ ಗಟ್ಟಿತನವನ್ನು ಹೇಳಬಲ್ಲವನು ಆಚಾರಿಯೊಬ್ಬನೇ.

ಪುರಿಯ ಜಗನ್ನಾಥನಿಗೆ ಪ್ರತಿವರ್ಷವೂ ಹೊಸ ಮರದಿಂದ ಮೂರು ತೇರು ಕಟ್ಟುತ್ತಾರೆ. ಒಂದಕ್ಕೆ 16, ಇನ್ನೊಂದಕ್ಕೆ 14, ಮತ್ತೊಂದಕ್ಕೆ 12 ಗಾಲಿ. ನಮ್ಮಲ್ಲಿ ಆ ಪದ್ಧತಿಯಿಲ್ಲ. ತಾತ ಎಳೆದ ತೇರನ್ನೇ ಮೊಮ್ಮಗನೂ ಎಳೆಯುತ್ತಾನೆ. ಹಳೆಯ ಮರವನ್ನು ಓಡಿಸುವವರು ಹೊಸ ಮರವನ್ನು ಓಡಿಸುವವರಿಗಿಂತ ಹೆಚ್ಚು ಎಚ್ಚರವಾಗಿರಬೇಕು. ನಾವು ಇರುವುದು ಅದಕ್ಕೆ ತಿರುವುಮುರುವಾಗಿ!

ಪರಿಣಾಮವನ್ನು ನಾಡು ಕಂಡಿದೆ. 2017ರ ಫೆಬ್ರವರಿಯಲ್ಲಿ ಕೊಟ್ಟೂರಿನ ಕೊಟ್ಟೂರೇಶ್ವರನ ತೇರು ಸಹಸ್ರಾರು ಜನರ ನಡುವೆಯೇ ಉರುಳಿತು. ಗಾಲಿಯ ಅಚ್ಚು ಮುರಿದದ್ದೇ ಕಾರಣವೆಂದು ಪತ್ರಿಕೆಗಳಲ್ಲಿ ಬಂತು. ನಮ್ಮ ಮಾಲೂರಿಗೆ ನೆರೆಯ ಆನೇಕಲ್ ತಾಲ್ಲೂಕಿನ ಹುಸ್ಕೂರಿನಲ್ಲಿ ಮದ್ದೂರಮ್ಮನ ಜಾತ್ರೆಗೆ ನೂರು ಅಡಿಗೂ ಮೀರಿದ ತೇರುಗಳು ಬರುತ್ತವೆ. 2024ರಲ್ಲಿ ಅಲ್ಲಿ ತೇರು ಬಿತ್ತು. ಅದರಿಂದ ಕಲಿತರೇ? 2025ರಲ್ಲಿ ಗಾಳಿಮಳೆಗೆ ಮತ್ತೆ ಬಿತ್ತು, ಈ ಸಲ ಪ್ರಾಣಹಾನಿಯೂ ಆಯಿತು. ಒಂದು ವರ್ಷದ ಎಚ್ಚರಿಕೆ ಮುಂದಿನ ವರ್ಷಕ್ಕೆ ಸಾಲದಾದರೆ ಇನ್ನಾವ ಎಚ್ಚರಿಕೆ ಸಾಕು?

ಮುಳಬಾಗಿಲಿಗೂ ಶ್ರೀನಿವಾಸಪುರಕ್ಕೂ ನಡುವಿನ ಒಂದು ಹಳ್ಳಿಯಲ್ಲಿ ಈ ಲೇಖಕನು ಕಣ್ಣಾರೆ ಕಂಡದ್ದನ್ನು ಹೇಳಬೇಕು. ತೇರಿಗೆ ಮೂರು ದಿನ ಮುಂಚೆ ವಯಸ್ಸಾದ ಆಚಾರಿಯೊಬ್ಬರು ಅಡಿಯಿಂದ ಹೊರಬಂದು ಮೈಕೊಡವಿಕೊಂಡು, "ಅಚ್ಚು ಬದಲಾಯಿಸಬೇಕು ಸ್ವಾಮಿ" ಎಂದರು. ಊರಿನ ಯಜಮಾನರು ನಕ್ಕು, "ಈ ವರ್ಷ ನಡೆದುಹೋಗಲಿ ಆಚಾರ್ರೇ, ಬರೋ ವರ್ಷ ನೋಡೋಣ" ಎಂದರು. "ಬರೋ ವರ್ಷ ಅನ್ನೋದು ನಮಗೆ ಗೊತ್ತು, ಅಚ್ಚಿಗೆ ಗೊತ್ತಿರಲ್ಲ ಸ್ವಾಮಿ" ಎಂಬುದು ಮುದುಕರ ಉತ್ತರ. ತೇರು ಹೊರಟಿತು. ಆಚಾರಿ ಬಾಯಲ್ಲಿ ನೀರು ಹಾಕದೆ ಗಾಲಿಯ ಪಕ್ಕದಲ್ಲೇ ಕಿವಿಗೊಟ್ಟು ನಡೆದರು. ತೇರು ಸುಖವಾಗಿ ಗುಡಿಗೆ ಹಿಂತಿರುಗಿತು. "ನೋಡಿದಿರಾ, ಏನೂ ಆಗಲಿಲ್ಲ!" ಎಂದು ಯಜಮಾನರು ಮೀಸೆ ತಿರುವಿದರು. ಎಲ್ಲಕ್ಕಿಂತ ಅಪಾಯಕರವಾದ ಮಾತು ಇದೇ. ಏನೂ ಆಗದಿದ್ದುದು ಅಚ್ಚು ಗಟ್ಟಿಯಿತ್ತೆಂಬುದಕ್ಕೆ ಸಾಕ್ಷಿಯಲ್ಲ. ಆ ದಿನ ಮುರಿಯಲಿಲ್ಲ ಎಂಬುದಕ್ಕೆ ಮಾತ್ರ ಸಾಕ್ಷಿ.

ಮರದ ಮೇಲೆ ಜನರನ್ನು ಕೂರಿಸಿ ಓಡಿಸುವ ಕಸುಬು ನಮ್ಮಲ್ಲಿ ಮಾತ್ರ ಇರುವುದಲ್ಲ. ಪಶ್ಚಿಮದ ವಿನೋದೋದ್ಯಾನಗಳಲ್ಲಿ ಮರದ ಅಟ್ಟಣೆಯ ಮೇಲೆ ಏರುತ್ತ ಇಳಿಯುತ್ತ ಓಡುವ ಗಾಡಿಗಳಿವೆ. ರೋಲರ್ ಕೋಸ್ಟರ್ ಎನ್ನುತ್ತಾರೆ. ನ್ಯೂಯಾರ್ಕಿನ ಕೋನಿ ದ್ವೀಪದ ಸೈಕ್ಲೋನ್ ಎಂಬುದು 1927ರಲ್ಲಿ ಕಟ್ಟಿದ್ದು. ಇಂಗ್ಲೆಂಡಿನ ಮಾರ್ಗೇಟಿನದು 1920ರದು. 2008ರಲ್ಲಿ ಬೆಂಕಿಗೆ ತುತ್ತಾದರೂ ದುರಸ್ತಿಯಾಗಿ 2015ರಲ್ಲಿ ಮತ್ತೆ ಓಡಿತು. ಇವು ಬಾಳುವುದು ಹೇಗೆ? ಹಲಗೆಗಳನ್ನು ಪದರಪದರವಾಗಿ ಜೋಡಿಸಿ, ಮೇಲೆ ಉಕ್ಕಿನ ಪಟ್ಟಿ ಹೊಡೆದ ಹಳಿಯ ಉದ್ದಕ್ಕೂ ಪ್ರತಿದಿನ ಬೆಳಗ್ಗೆ, ಮೊದಲ ಗಾಡಿ ಬಿಡುವುದಕ್ಕೆ ಮುಂಚೆ, ಕೆಲಸಗಾರರು ಸುತ್ತಿಗೆ ಹಿಡಿದು ನಡೆದುಹೋಗುತ್ತಾರೆ. ಸಡಿಲಾದ ಬೋಲ್ಟನ್ನು ಬಿಗಿಯುತ್ತಾರೆ, ಕೆಟ್ಟ ಹಲಗೆಯನ್ನು ಗುರುತು ಮಾಡುತ್ತಾರೆ. ಚಳಿಗಾಲದಲ್ಲಿ ಬಾಗಿಲು ಮುಚ್ಚಿ ಭಾಗಭಾಗವಾಗಿ ಮರ ಬದಲಾಯಿಸುತ್ತಾರೆ. ಹೀಗೆ ಮರ ಹೊಸದಾಗುತ್ತ ಹೋಗುತ್ತದೆ, ಅಟ್ಟಣೆ ಹಳೆಯದಾಗಿಯೇ ಉಳಿಯುತ್ತದೆ.

ಎಚ್ಚರ ತಪ್ಪಿದಾಗ ಅವರಿಗೂ ವಿನಾಯಿತಿಯಿಲ್ಲ. ಲಂಡನ್ನಿನ ಬ್ಯಾಟರ್ಸೀ ಉದ್ಯಾನದಲ್ಲಿ 1972ರ ಮೇ 30ರಂದು ಏರಿನಲ್ಲಿ ಎಳೆಯುತ್ತಿದ್ದ ಹಗ್ಗದಿಂದ ಗಾಡಿ ಕಳಚಿಕೊಂಡಿತು; ಹಿಂದಕ್ಕೆ ಜಾರದಂತೆ ಹಿಡಿಯಬೇಕಾಗಿದ್ದ ಸಾಧನ ಹಿಡಿಯಲಿಲ್ಲ; ಐದು ಮಕ್ಕಳು ಸತ್ತರು.

ಇಷ್ಟು ದೂರ ಹೋಗಬೇಕಾಗಿಯೂ ಇಲ್ಲ. ನಮ್ಮ ಜಿಲ್ಲೆಯ ಚಿನ್ನದ ಗಣಿಗಳು 2001ರಲ್ಲಿ ಮುಚ್ಚಿದವು. ಅವು ನಡೆಯುತ್ತಿದ್ದಾಗ ಆಳಕ್ಕೆ ಇಳಿಸುವ ಪಂಜರ, ಅದರ ಹಗ್ಗ, ಎಳೆಯುವ ಯಂತ್ರ ಇವನ್ನು ದಿನಕ್ಕೊಮ್ಮೆಯಾದರೂ ಬಲ್ಲವನೊಬ್ಬನು ಪರೀಕ್ಷಿಸಿ ಪುಸ್ತಕದಲ್ಲಿ ಬರೆಯಬೇಕೆಂಬುದು ಗಣಿಯ ಕಟ್ಟಲೆ. ಇಂಥ ಕಟ್ಟಲೆಗಳು ಧಣಿಗಳ ದಯೆಯಿಂದ ಬಂದುವಲ್ಲ. ಕೆಲಸಗಾರರ ಹೆಣಗಳ ಮೇಲೆ ಬಂದುವು. ಗಣಿಯ ಹಗ್ಗಕ್ಕೆ ಇದ್ದ ಮರ್ಯಾದೆ ತೇರಿನ ಅಚ್ಚಿಗೆ ಯಾತಕ್ಕೆ ಇಲ್ಲ?

ತೇರು ಕೆಟ್ಟರೆ ಮೊದಲು ಅಪಾಯ ಯಾರಿಗೆ ಎಂಬುದನ್ನೂ ನೋಡಬೇಕು. ಪೂಜೆ ಮುಗಿಸಿ, ಶಾಲು ಹೊದಿಸಿಕೊಂಡು, ಭಾವಚಿತ್ರಕ್ಕೆ ನಿಂತು ಕಾರು ಹತ್ತುವ ಗಣ್ಯರಿಗಲ್ಲ. ಗಾಲಿಯ ಮಗ್ಗುಲಲ್ಲಿ ಬಾಗಿ ಮರದ ದಿಮ್ಮಿ ಕೊಟ್ಟು ತೇರಿನ ದಿಕ್ಕು ತಿರುಗಿಸುವವನಿಗೆ, ಹಿಂದಿನಿಂದ ಸನ್ನೆಗೋಲು ಹಾಕುವವನಿಗೆ. ಇವರು ಕೂಲಿಕಾರರು, ಬಡರೈತರ ಮಕ್ಕಳು. ಒಂದು ಗೇಣು ತಪ್ಪಿದರೆ ಕಾಲು ಹೋಯಿತು. ಇವರಿಗೆ ವಿಮೆಯುಂಟೇ? ಬಹುಪಾಲು ಕಡೆ ಒಂದು ಎಲೆ ಊಟ, ಒಂದು ತೆಂಗಿನ ಹೋಳು, ಅಷ್ಟೇ.

ಜಾತ್ರೆಗೆ ಮುಂಚೆ ಲೋಕೋಪಯೋಗಿ ಇಲಾಖೆಯ ಎಂಜಿನಿಯರಿಂದ ತೇರು ಯೋಗ್ಯವೆಂದು ಕಾಗದ ಪಡೆಯುವ ಪದ್ಧತಿ ಹಲವೆಡೆ ಉಂಟು. ಒಳ್ಳೆಯದೇ. ಆದರೆ ಬಣ್ಣ ಬಳಿದ ಮೇಲೆ ಕೊಟ್ಟ ಕಾಗದ ಬಣ್ಣಕ್ಕೆ ಕೊಟ್ಟ ಕಾಗದವಾಗುತ್ತದೆಯೇ ಹೊರತು ಅಚ್ಚಿಗೆ ಅಲ್ಲ. ಹಣವಿಲ್ಲವೆಂಬ ಮಾತನ್ನೂ ಕೇಳುತ್ತೇವೆ. ವರ್ಷಕ್ಕೆ 5 ಲಕ್ಷ ರೂಪಾಯಿ ವರಮಾನವೂ ಇಲ್ಲದ 'ಸಿ' ವರ್ಗದ ಗುಡಿಗಳಿಗೆ ಅದು ನಿಜವೂ ಹೌದು. ಹೆಚ್ಚು ವರಮಾನದ ಗುಡಿಗಳಿಂದ ಪಾಲು ತೆಗೆದು ಇಂಥವಕ್ಕೆ ನೆರವಾಗಲೆಂದೇ ಮುಜರಾಯಿ ಕಾಯಿದೆಯಲ್ಲಿ ಸಾಮಾನ್ಯ ಸಂಗ್ರಹಣಾ ನಿಧಿಯನ್ನು ಇಟ್ಟಿದೆ. ಅದು ಅಚ್ಚಿಗೆ ಒದಗದೆ ಇನ್ನಾವುದಕ್ಕೆ ಒದಗಬೇಕು?

ಆದುದರಿಂದ ಜಿಲ್ಲಾಡಳಿತವು ಈ ಕೆಳಗಿನವನ್ನು ತಡವಿಲ್ಲದೆ ಮಾಡತಕ್ಕದ್ದು:

1. ಜಾತ್ರೆಗೆ ಒಂದು ತಿಂಗಳು ಮುಂಚೆ, ಬಣ್ಣ ಬಳಿಯುವುದಕ್ಕೆ ಮೊದಲು, ಎಂಜಿನಿಯರೂ ಕಸುಬು ಬಲ್ಲ ಆಚಾರಿಯೂ ಕೂಡಿ ಪ್ರತಿ ತೇರನ್ನು ಪರೀಕ್ಷಿಸಬೇಕು.

2. ಆಚಾರಿಗೆ ಗೌರವದ ಕೂಲಿ ಸಲ್ಲಬೇಕು. ಅವರು "ಓಡಕೂಡದು" ಎಂದು ಬರೆದರೆ ಯಾವ ಯಜಮಾನನಿಗೂ ಅದನ್ನು ಅಳಿಸುವ ಅಧಿಕಾರವಿರಕೂಡದು.

3. ಪ್ರತಿ ತೇರಿಗೂ ಒಂದು ಪುಸ್ತಕವಿರಬೇಕು. ಯಾವ ವರ್ಷ ಯಾವ ಮರ ಬದಲಾಯಿತು, ಯಾವ ಗಾಲಿ ದುರಸ್ತಿಯಾಯಿತು ಎಂಬುದು ಅದರಲ್ಲಿರಬೇಕು. ಊರಿನವರು ಯಾರು ಕೇಳಿದರೂ ತೋರಿಸಬೇಕು.

4. ಗಾಳಿಯಾಡುವ ಚಾವಡಿಯಲ್ಲಿ, ಗಾಲಿ ಮಣ್ಣಿಗೆ ತಗುಲದಂತೆ ಕಲ್ಲಿನ ಹಾಸಿನ ಮೇಲೆ ತೇರನ್ನು ನಿಲ್ಲಿಸಬೇಕು.

5. ಗಾಲಿಯ ಬಳಿ ದುಡಿಯುವವರಿಗೆಲ್ಲ ಗುಡಿಯ ಖರ್ಚಿನಿಂದ ವಿಮೆ ಮಾಡಿಸಬೇಕು.

ಇದರಲ್ಲಿ ಅಸಾಧ್ಯವಾದುದು ಏನಿದೆ? ಕಳಸಕ್ಕೆ ಚಂದಾ ಎತ್ತಬಲ್ಲ ಊರು ಅಚ್ಚಿಗೂ ಎತ್ತಬಲ್ಲದು. ಕಳಸ ಹತ್ತೂರಿಗೆ ಕಾಣುತ್ತದೆ, ಅಚ್ಚು ಯಾರಿಗೂ ಕಾಣುವುದಿಲ್ಲ. ಆದರೆ ಕಳಸವನ್ನು ಹೊತ್ತಿರುವುದು ಅಚ್ಚು. ಬರುವ ಜಾತ್ರೆಯಲ್ಲಿ ಹಗ್ಗಕ್ಕೆ ಕೈಹಾಕುವ ಮುನ್ನ ನಮ್ಮ ವಾಚಕರು ಒಂದು ಮಾತು ಕೇಳಲಿ: "ಅಚ್ಚು ನೋಡಿದಿರಾ? ನೋಡಿದವರು ಯಾರು?" ಉತ್ತರ ಬರುವ ತನಕ ಹಗ್ಗ ನೆಲದ ಮೇಲೇ ಇರಲಿ.