ಟಾಕೀಸು ಇಲ್ಲ, ಮೆಜೆಸ್ಟಿಕ್ ಇದೆ!

ವಿಜಯನಗರದಲ್ಲಿ ಬಸ್ ಹತ್ತಿ "ಒಂದು ಮೆಜೆಸ್ಟಿಕ್" ಅಂತೀವಿ. ಆ ಹೆಸರು ಕೊಟ್ಟ ಟಾಕೀಸು ಈಗಿಲ್ಲ, ನಿಲ್ದಾಣದ ಹೆಸರು ಕೆಂಪೇಗೌಡ. ಆದ್ರೂ ಕಂಡಕ್ಟರ್ ಸರಿಯಾದ ಟಿಕೆಟ್ಟೇ ಕೊಡ್ತಾರೆ. ಲಿನಕ್ಸ್‌ಗೆ ಅಷ್ಟು ಜಾಣತನ ಇಲ್ಲ ನೋಡಿ. ಸಿಂಬಾಲಿಕ್ ಲಿಂಕ್ ಅಂದ್ರೆ ವಿಳಾಸ ಬರೆದಿಟ್ಟ ಚೀಟಿ, ಅಷ್ಟೇ. ಫೈಲ್ ಜಾಗ ಬದಲಾಯಿಸಿದ್ರೆ ಚೀಟಿ ಹಾಗೇ ಇರುತ್ತೆ, ದಾರಿ ತಪ್ಪುತ್ತೆ.

ಇಂಥ ನೂರಾರು ಲಿಂಕ್‌ಗಳನ್ನು ಒಟ್ಟಿಗೆ ಪತ್ತೆ ಮಾಡೋಕೆ ಮಾರ್ಕ್ ಲಾರ್ಡ್ ಬರೆದ 'ಸಿಮ್‌ಲಿಂಕ್ಸ್' ಅನ್ನೋ ಪುಟ್ಟ ಕಮ್ಯಾಂಡ್ ಇದೆ. ಅದಕ್ಕೆ '-ಡಿ' ಕೊಟ್ರೆ ಗುರಿ ಸಿಗದ ಲಿಂಕ್‌ಗಳನ್ನೆಲ್ಲ ಅಳಿಸಿಬಿಡುತ್ತೆ. ಇದನ್ನ ಕ್ಲೀನಿಂಗ್ ಅನ್ನೋದನ್ನ ನಾನಂತೂ ಒಪ್ಪಲ್ಲ. ಗುರಿ ಇನ್ನೂ ಮೌಂಟ್ ಆಗದ ಡಿಸ್ಕಲ್ಲಿ ಇರಬಹುದು. ಅಲ್ಲದೆ ಹಳೇ ವಿಳಾಸ ಉಳಿದಿದ್ರೆ ತಾನೇ ಹೊಸದು ಹುಡುಕೋಕಾಗೋದು?

ಯುಟಿಲ್-ಲಿನಕ್ಸ್‌ನ 'ರೀನೇಮ್'ಗೆ '-ಎಸ್' ಕೊಡಿ, ಲಿಂಕ್ ಒಳಗಿನ ವಿಳಾಸವನ್ನೇ ಸಾಲಾಗಿ ತಿದ್ದುತ್ತೆ. ಮೊದಲು ಜೊತೆಗೆ '-ಎನ್ -ವಿ' ಹಾಕಿ: ಏನೇನು ಬದಲಾಗುತ್ತೆ ಅಂತ ತೋರಿಸುತ್ತೆ, ಯಾವುದನ್ನೂ ಮುಟ್ಟಲ್ಲ.

ಮೊದಲು ನೋಡೋದು, ಆಮೇಲೆ ತಿದ್ದೋದು, ಅಳಿಸೋದು ಕಟ್ಟಕಡೆಗೆ. ಇದು ನನ್ನ ಅಭಿಪ್ರಾಯ. ನೀವೇನಂತೀರಿ?