ಪಾಯಸದ ವೇಷ

ಹೆಂಗಸರು ಬಿಯರ್ ಕುಡಿಯಬಾರದೆಂದು ಉಪದೇಶ ಮಾಡಲು ನಾನು ಕುಳಿತಿಲ್ಲ. ನನ್ನ ತಕರಾರೆಲ್ಲ ವೇಷದ ಬಗ್ಗೆ. ಅಮೆರಿಕದಲ್ಲಿ ಮಗಳ ಮನೆಗೆ ಹೋಗಿದ್ದಾಗ 'ಪೇಸ್ಟ್ರಿ ಸ್ಟೌಟ್' ಎಂಬ ಕಪ್ಪು ಬಿಯರನ್ನು ಎರಡು ಚಮಚ ರುಚಿ ನೋಡಿದೆ. ಚಾಕೊಲೇಟು, ವೆನಿಲ್ಲಾ, ಥೇಟ್ ಕೇಕನ್ನು ಕರಗಿಸಿ ಕುಡಿದಂತೆ! ರುಚಿಯಲ್ಲಿ ಮೋಸವಿಲ್ಲ. ಮೋಸವಿರುವುದು ಆ ರುಚಿಯ ಹಿಂದೆ. ಇಂಥ ಹಲವು ಬಿಯರುಗಳಿಗೆ ಹಾಲಿನ ಸಕ್ಕರೆ, ಅಂದರೆ ಲ್ಯಾಕ್ಟೋಸ್ ಹಾಕುತ್ತಾರೆ. ಬಿಯರಿನ ಯೀಸ್ಟ್ ಅದನ್ನು ತಿನ್ನಲಾರದು. ಸಿಹಿ ಹಾಗೆಯೇ ಉಳಿದು ಮದ್ಯದ ಘಾಟನ್ನು ಮುಚ್ಚಿಬಿಡುತ್ತದೆ. ಸಾಮಾನ್ಯ ಬಿಯರಿನಲ್ಲಿ ಮದ್ಯಸಾರ ಶೇ. 5ರಷ್ಟಾದರೆ, ನಾನು ರುಚಿ ನೋಡಿದ್ದರಲ್ಲಿ ಶೇ. 12! ನೀವೇ ಲೆಕ್ಕ ಹಾಕಿ: ಇದರ ಒಂದು ಡಬ್ಬಿ ಮುಗಿಸಿದವಳು ಅಷ್ಟೇ ಅಳತೆಯ ಎರಡು ಡಬ್ಬಿಗೂ ಮೀರಿ ಕುಡಿದಿರುತ್ತಾಳೆ, ನಾಲಿಗೆಗೆ ಸುಳಿವೇ ಸಿಕ್ಕಿರುವುದಿಲ್ಲ.

ಕಹಿ ಔಷಧಿಗೆ ಜೇನು ಬೆರೆಸುವುದು ತಾಯಿಯ ಉಪಾಯ, ಮಗು ಬದುಕಲಿ ಎಂದು. ಮದ್ಯಕ್ಕೆ ಪಾಯಸದ ವೇಷ ಹಾಕುವುದು ವ್ಯಾಪಾರಿಯ ಉಪಾಯ. ಅದು ಯಾರು ಬದುಕಲಿ ಎಂದು? ಆ ಡಬ್ಬಿಯ ಮೇಲೆ ಕೇಕಿನ ಚಿತ್ರ ಅಂಗೈಯಗಲ, ಮದ್ಯಸಾರದ ಅಂಕಿ ಇರುವೆಯಷ್ಟು. ಅಂಕಿಯನ್ನೂ ಚಿತ್ರದಷ್ಟೇ ದೊಡ್ಡದಾಗಿ ಅಚ್ಚು ಹಾಕಲಿ. ಆಮೇಲೆ ಕುಡಿಯುವುದೋ ಬಿಡುವುದೋ, ಅವರವರ ವಿವೇಕ.