ಲೋಳೆಯ ಕೋಟೆ

ನಾಲ್ಕು ದಿನ ತಿಕ್ಕದ ಕೊಡದ ಒಳಮೈ ಸವರಿದರೆ ಬೆರಳಿಗೆ ಲೋಳೆ ಹತ್ತುತ್ತದೆ. ಬರಿಯ ನೀರು ಕುಲುಕಿ ಚೆಲ್ಲಿದರೆ ಅದು ಹೋಗದೆಂಬುದನ್ನು ನಮ್ಮ ತಾಯಂದಿರು ಬಲ್ಲರು. ತೇಲಿಬಂದ ಬ್ಯಾಕ್ಟೀರಿಯಾಗಳು ಅಲ್ಲಿ ಅಂಟಿಕೊಂಡು, ವೃದ್ಧಿಸಿ, ತಾವೇ ಸ್ರವಿಸಿದ ಅಂಟಿನೊಳಗೆ ಹುದುಗಿರುತ್ತವೆ. ವಿಜ್ಞಾನಿಗಳು ಇದನ್ನು ಬಯೋಫಿಲ್ಮ್ ಎನ್ನುತ್ತಾರೆ. ಹಲ್ಲಿನ ಪಾಚಿಯೂ ಇದೇ. 1680ರ ದಶಕದಲ್ಲಿ ಹಾಲೆಂಡಿನ ಲೇವನ್‌ಹುಕ್ ವಿನಿಗರ್‌ನಿಂದ ಹಲ್ಲು ತೊಳೆದು, ಆ ಪಾಚಿಯನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದನು. ಹೊರಮೈಯ ಜೀವಿಗಳು ಮಾತ್ರ ಸತ್ತಿದ್ದವು.

ಇಂದಿನ ಸಂಶೋಧಕರ ಚಿಂತೆಯೂ ಅದೇ. ರೋಗಿಗೆ ಹಾಕಿದ ಮೂತ್ರದ ಕೊಳವೆಯಲ್ಲಿ ಈ ಪೊರೆ ಬೆಳೆದರೆ, ಅದರ ಆಳದಲ್ಲಿ ಜಡವಾಗಿರುವ ಬ್ಯಾಕ್ಟೀರಿಯಾಗಳು ಬೆಳೆಯುವವನ್ನೇ ಕೊಲ್ಲುವ ಔಷಧಿಗಳಿಂದ ತಪ್ಪಿಸಿಕೊಳ್ಳುತ್ತವೆ. ಇಳಿದ ಜ್ವರ ಮರಳಿ ಏರುತ್ತದೆ. ಆಗ ವೈದ್ಯರು ಕೊಳವೆಯನ್ನೇ ಬದಲಿಸಬೇಕೆಂದರೆ, ಅದನ್ನು ವೃಥಾ ಖರ್ಚೆಂದು ಮನೆಯವರು ತಳ್ಳಿಹಾಕಬಾರದೆಂದು ನಾವು ಭಾವಿಸುತ್ತೇವೆ.